ಎರಡನೇ ಸಲ ಕೇಳೋತನಕ

ಮಂದಿಗೆ ನೌಕರಿ ಹಚ್ಚಿಕೊಡೋದು ನನ್ನ ಕೆಲಸ ಅಲ್ಲ. ನನ್ನ ಕೆಲಸ ಸೀಟಿ ಊದೋದು. ಎಪ್ಪತ್ತರ ದಶಕ ಮುಗಿಯೋ ಹೊತ್ತಿನಾಗ ನಾನು ದಾಂಡೇಲಿಯ ಒಂದು ಕಾಲೇಜಿನಾಗ ಆಟ ಆಡಸೋ ಮಾಸ್ತರ ಇದ್ದೆ. ಕಾಗದದಾಗ ಫಿಜಿಕಲ್ ಡೈರೆಕ್ಟರ್ ಅಂತಿತ್ತು ಖರೆ, ಆದ್ರ ಪ್ರಿನ್ಸಿಪಾಲರಿಂದ ಹಿಡಿದು ಚಹಾದಂಗಡಿಯವನ ತನಕ ಎಲ್ಲಾರೂ ಕರೀತಿದ್ದದ್ದು ಪಿ.ಟಿ. ಮಾಸ್ತರ ಅಂತನ. ಒಂದು ದಿನ ಪ್ರಿನ್ಸಿಪಾಲರು ಎಲ್ಲಾ ಮಾಸ್ತರನ್ನ ಕೂಡಿಸಿ, ಡಿಗ್ರಿ ಮುಗಿಸಿದ ಹುಡುಗರು ನೌಕರಿ ಇಲ್ಲದ ತಿರಗಾಕತ್ತಾರ, ಅವರಿಗೆ ಕಾಲೇಜು ಏನಾರೆ ಸಹಾಯ ಮಾಡಬೇಕು, ಯಾರು ನೋಡ್ಕೋತೀರಿ ಅಂತ ಕೇಳಿದ್ರು. ಇಂಗ್ಲಿಷ್ ಮಾಸ್ತರಿಗೆ ಬಿ.ಪಿ. ಇತ್ತು. ಕಾಮರ್ಸ್ ಮಾಸ್ತರಿಗೆ ಹೊಲ ಇತ್ತು. ಇತಿಹಾಸದ ಮಾಸ್ತರು ಕಿಟಕಿ ಹೊರಗ ಏನೋ ಭಾಳ ಮಹತ್ವದ್ದು ನೋಡಾಕತ್ತಿದ್ರು. ಅದೇನು ಗ್ರಹಚಾರವೋ, ಬರೋಬರಿ ಅದ ಹೊತ್ತಿಗೆ ನನಗೊಂದು ಸೀನು ಬಂತು. ಎಲ್ಲಾರೂ ನನ್ನ ಕಡೆ ತಿರುಗಿದ್ರು. "ಹಾಂ, ಪಿ.ಟಿ. ಮಾಸ್ತರ ಮುಂದ ಬಂದ್ರು ನೋಡ್ರಿ" ಅಂದ ಪ್ರಿನ್ಸಿಪಾಲರು ಚಪ್ಪಾಳಿ ತಟ್ಟೇಬಿಟ್ರು. ಬಿ.ಪಿ. ಇದ್ದವರು, ಹೊಲ ಇದ್ದವರು ಎಲ್ಲಾರೂ ತಟ್ಟಿದ್ರು. ಸೀನಿದ್ದಕ್ಕ ಚಪ್ಪಾಳಿ ಬಿದ್ದದ್ದು ನನ್ನ ಜೀವನದಾಗ ಅದೊಂದ ಸಲ.

ನನಗಾರೆ ಇಂಟರ್‌ವ್ಯೂ ಅಂದ್ರ ಏನು ಗೊತ್ತಿತ್ತು, ಮಣ್ಣು? ನಾನು ಕೊಟ್ಟದ್ದ ಒಂದು ಇಂಟರ್‌ವ್ಯೂ. ಅದರಾಗ ನನ್ನ ಗ್ರೌಂಡ್ ಸುತ್ತ ಓಡಿಸಿ, ದಮ್ಮು ಹತ್ತೇತೋ ಇಲ್ಲೋ ನೋಡಿ, ನಾಳೆಯಿಂದ ಬಾ ಅಂದಿದ್ರು. ಹಿಂಗಾಗಿ ನನಗ ಏನು ಬರ್ತಿತ್ತೋ ಅದನ್ನ ಕಲಿಸಿದೆ. ಸಂಜೀಮುಂದ ಹುಡುಗರನ್ನ ಸಾಲಾಗಿ ನಿಲ್ಲಿಸಿ, ಸೀಟಿ ಊದಿದ್ರ ಒಳಗ ಬರೋದು, ಮತ್ತ ಊದಿದ್ರ ನಮಸ್ಕಾರ, ಮತ್ತ ಊದಿದ್ರ ಕುಂಡ್ರೋದು. ಆಟದ ಸಾಮಾನಿನ ಖೋಲ್ಯಾಗ ಕ್ರಿಕೆಟ್ ಪೆಟ್ಟಿಗಿನ ಟೇಬಲ್ಲು, ನಾನ ಸಾಹೇಬ. ಎದಿ ಮುಂದ, ಗದ್ದ ಮ್ಯಾಲೆ, ದನಿ ಜೋರ, ಕಣ್ಣಾಗ ಕಣ್ಣಿಟ್ಟು ನೋಡ್ರಿ ಅಂತ ದಿನಾ ಒದರಿ ಒದರಿ ನನ್ನ ಗಂಟಲ ಕಟ್ಟಿತ್ತು.

ಅದರ ಫಲ ಏನಾತು ಅಂದ್ರ, ಒಬ್ಬಾವ ಧಾರವಾಡದ ಆಫೀಸಿನಾಗ ಸಾಹೇಬರು ಕೂಡು ಕೂಡು ಅಂದ್ರೂ ಕುಂಡ್ರಲಿಲ್ಲಂತ. ಯಾಕ ಅಂದ್ರ ಯಾರೂ ಸೀಟಿ ಊದಿರಲಿಲ್ಲ. ಇನ್ನೊಬ್ಬಾವ ಕಣ್ಣಾಗ ಕಣ್ಣಿಟ್ಟು ಎಷ್ಟು ನೋಡಿದಾ ಅಂದ್ರ, ಸಾಹೇಬರು ಚಾಳೀಸು ತಗದು ಮಾರಿ ಒರಸಿಕೊಂಡು, "ನನ್ನ ಮಾರಿಗೆ ಏನು ಹತ್ತೇತೋ ತಮ್ಮಾ?" ಅಂತ ಕೇಳಿದ್ರಂತ. ಜೋಯಿಡಾ ಕಡೆಯ ಒಬ್ಬ ಹುಡುಗ ಮಾತ್ರ ನನ್ನ ಮಾತು ಪೂರಾ ನಡಿಸಿದ. ತನ್ನ ಹೆಸರು ಹೇಳೋ ರಭಸಕ್ಕ ಪಕ್ಕದ ಖೋಲಿಯ ಕಾರಕೂನ ಏನಾತು ಏನಾತು ಅಂತ ಓಡಿ ಬಂದನಂತ. ಸಾಲ ವಸೂಲಿಗೆ ಇಂಥಾ ದನಿನ ಬೇಕು ಅಂತ ಅವನ್ನ ಅವತ್ತ ತಗೊಂಡ್ರು. ಆ ಒಂದು ನೌಕರಿಗೆ ನನ್ನ ಹೆಸರು ಎಲ್ಲಾ ಕಡೆ ಹಬ್ಬಿತು. ಪಿ.ಟಿ. ಮಾಸ್ತರ ಕೈಗುಣ ಚಲೋ ಐತಿ ಅಂತ ಮುಂಡಗೋಡ ಬಸ್ಸಿನಾಗೂ ಮಾತಾಡಾಕ ಹತ್ತಿದ್ರು. ಮಳಗಿಯಿಂದ ಒಬ್ಬ ಯಜಮಾನ ಮಗನ್ನ ಕರಕೊಂಡು ಬಂದು, ಅಂಗಿ ಬಿಚ್ಚಿಸಿ ನಿಲ್ಲಿಸಿ, "ಇವನ ಎದಿ ಅಳತಿ ತಗೋರಿ ಮಾಸ್ತರ್ರ" ಅಂದ. ಇದು ಮಿಲ್ಟ್ರಿ ಅಲ್ಲೋ ಯಪ್ಪಾ ಅಂದ್ರ, ಬಂದಿದ್ದಕ್ಕ ಅಳದರ ಬಿಡ್ರಿ ಅಂದ. ಅಳದೆ. ಏನ್ಮಾಡೋದು.

ಇಷ್ಟೆಲ್ಲಾ ಗದ್ದಲದಾಗ ನನಗ ನಿದ್ದಿ ಬರದಂಗ ಮಾಡಿದ್ದು ಒಬ್ಬ ಹುಡುಗಿ.

ಆಕಿ ನಮ್ಮ ಖೋ ಖೋ ಟೀಮಿನ ಕ್ಯಾಪ್ಟನ್ ಇದ್ದಾಕಿ. ಹಳಿಯಾಳ ತಾಲೂಕಿನ ಅಡವಿ ಅಂಚಿನ ಒಂದು ಹಳ್ಳಿಯ ಸಿದ್ದಿಯವರ ಮನಿ ಮಗಳು; ಅವರ ಹಿರ್ಯಾರು ಯಾವ ಕಾಲಕ್ಕೋ ಆಫ್ರಿಕಾದಿಂದ ಬಂದು ಇಲ್ಲಿಯವರ ಆದವರು. ಅಪ್ಪ ಕಟ್ಟಿಗಿ ಡಿಪೋದಾಗ ಹಮಾಲಿ ಮಾಡ್ತಿದ್ದ, ಅವ್ವ ಮಂದಿ ಗದ್ದ್ಯಾಗ ನಾಟಿಗೆ ಹೋಗ್ತಿದ್ಲು. ಆ ಊರಾಗ ಡಿಗ್ರಿ ಮುಗಿಸಿದಾಕಿ ಈಕಿನ ಮೊದಲು, ಅದೂ ಬಿ.ಕಾಂ. ಲೆಕ್ಕದಾಗ ಭಾಳ ಹುಷಾರು. ಓಡೋದ್ರಾಗ ಅಂತೂ ಕೇಳಬ್ಯಾಡ್ರಿ, ಆಕಿ ಓಡೋದು ನೋಡ್ಕೋತ ನಾನು ಸೀಟಿ ಊದೋದು ಮರೀತಿದ್ದೆ. ಆದ್ರ ಮಾತು ಕಡಿಮಿ. ಕೇಳಿದ್ದಕ್ಕ ಉತ್ತರ ಕೊಟ್ಟು ಗಪ್ಪನ ನಿಂತುಬಿಡೋ ಸ್ವಭಾವ.

ಪಾಸಾಗಿ ವರ್ಷ ಕಳೀತು. ನೌಕರಿ ಇಲ್ಲ. ಆಕಿ ಚಿಕ್ಕಮ್ಮ ಗೋವಾದಾಗ ಮನಿಗೆಲಸ ಮಾಡ್ಕೊಂಡಿದ್ಲು. ಈ ದೀಪಾವಳಿಗೆ ಬರ್ತೇನಿ, ಅಷ್ಟರಾಗ ಎಲ್ಲೂ ಹತ್ತಲಿಲ್ಲಂದ್ರ ಹುಡುಗಿನ್ನ ಕರಕೊಂಡು ಹೋಗ್ತೇನಿ, ಮಡಗಾಂವದಾಗ ಒಂದು ಚಲೋ ಮನಿ ನೋಡಿಟ್ಟೇನಿ ಅಂತ ಹೇಳಿ ಕಳಿಸಿದ್ಲಂತ. ಅದನ್ನ ಕೇಳಿದ ದಿನ ನನಗ ಸಿಟ್ಟು ನೆತ್ತಿಗೇರಿತು.

"ಬಿ.ಕಾಂ. ಮಾಡಿ ಮಂದಿ ಮನ್ಯಾಗ ಭಾಂಡೆ ತಿಕ್ಕಾಕ ಹೋಗ್ತೀಯೇನ?" ಅಂತ ಒದರಿದೆ.

"ಭಾಂಡೆ ತಿಕ್ಕೋದು ಕೆಟ್ಟ ಕೆಲಸ ಅಲ್ರಿ ಸರ್" ಅಂದ್ಲು ಆಕಿ, ಸಮಾಧಾನದಿಂದ. "ಚಿಕ್ಕಮ್ಮ ಅದನ್ನ ಮಾಡೇ ನನ್ನ ಓದಿಸ್ಯಾಳ."

ಆದ್ರೂ ನಾನು ಸೋಲೋ ಮಂದಿ ಅಲ್ಲ. "ಕೆಟ್ಟದ್ದು ಅಂತ ನಾ ಅಂದೆನೇನು? ಚಿಕ್ಕಮ್ಮ ನಿನ್ನ ಓದಿಸಿದ್ದು ನೀನೂ ಹೋಗಿ ಅದನ್ನ ಮಾಡ್ಲಿ ಅಂತಲ್ಲ. ದೀಪಾವಳಿಯೊಳಗ ನಿನಗ ನೌಕರಿ ಹಚ್ಚಲಿಲ್ಲಂದ್ರ ನಾನು ಸೀಟಿ ಮುಟ್ಟೂದಿಲ್ಲ, ನಡಿ!" ಅಂದೆ. ಅಂದ ಮ್ಯಾಲ ವಿಚಾರ ಬಂತು. ಸೀಟಿ ಬಿಟ್ರ ನನಗ ಮತ್ತೇನು ಬರ್ತೈತಿ?

ಅದಕ್ಕಿಂತ ಮೊದಲ ಆಕಿ ಹುಬ್ಬಳ್ಳಿಗೆ ಇಂಟರ್‌ವ್ಯೂಕ್ಕ ಹೋಗಿ ಬಂದಿದ್ಲು. ಒಂದು ಕಡೆಯಂತೂ ಅಲ್ಲಿಯ ಸಾಹೇಬ ಆಕಿ ಗುಂಗರ ಕೂದಲಾ, ಮೈಬಣ್ಣ ನೋಡಿ, ಈಕಿ ಯಾವುದೋ ಪರದೇಶದಾಕಿ ಅಂತ ತಿಳದು, ಕೈ ಮಾಡಿ ಮಾಡಿ ಸಾವಕಾಶ ಇಂಗ್ಲಿಷಿನಾಗ, ನೀವು ಭಾರತಕ್ಕ ಯಾವಾಗ ಬಂದ್ರಿ ಅಂತ ಕೇಳಿದ್ನಂತ. "ಹುಬ್ಬಳ್ಳಿಗ್ರಿ? ಮುಂಜಾನೆ ಬಸ್ಸಿಗೆ ಬಂದೇನ್ರಿ" ಅಂದ್ಲಂತ ಈಕಿ. ನನ್ನ ಹೆಂಡತಿಗೆ ಇದನ್ನ ಹೇಳಿದಾಗ ನಕ್ಕು ನಕ್ಕು ಆಕಿ ಕಣ್ಣಾಗ ನೀರು ಬಂದಿದ್ವು. ನನಗ ಮಾತ್ರ ನಗು ಬರಲಿಲ್ಲ. ಇನ್ನೊಂದು ಆಫೀಸಿನಾಗ ಲೆಕ್ಕದ ಪರೀಕ್ಷಾದಾಗ ಈಕಿನ ಎಲ್ಲಾರಗಿಂತ ಮುಂದಿದ್ಲಂತ, ಸಾಹೇಬರು ಚಂದಾಗಿ ಮಾತಾಡಿಸಿದ್ರಂತ. ಆದ್ರೂ ಆಗಲಿಲ್ಲ. ಏನಾತು ಅಂತ ಕೇಳಿದ್ರ, "ಅವರ ಹತ್ರ ಇರಲಿಲ್ರಿ ಸರ್" ಅಂದ್ಲು, ಅಷ್ಟ. ಯಾರೋ ವಶೀಲಿ ಹಚ್ಚಿ ಹೊಡಕೊಂಡಾರ ಅಂತ ತಿಳದು ನಾನು ಹುಬ್ಬಳ್ಳಿ ಮಂದಿಗೆಲ್ಲಾ ಮನಸಾ ಬೈದೆ.

ಆವಾಗ ನಾವು ದಾಂಡೇಲಿಯ ಬಂಗೂರನಗರದಾಗ ಇದ್ವಿ. ಆಕಿ ಸಂಜೀಮುಂದ ಬಸ್ಸಿಗೆ ನಮ್ಮ ಮನಿಗೆ ಇಂಟರ್‌ವ್ಯೂ ರೂಢಿ ಮಾಡಾಕ ಬರ್ತಿದ್ಲು. ನಮ್ಮ ಮನಿಯಾಕಿ ಧಾರವಾಡ ಜಿಲ್ಲಾದಾಕಿ. ಮನಿಗೆ ಬಂದವರಿಗೆ ಬರೇ ಹೊಟ್ಟೀಲೆ ಕಳಿಸಿದ್ರ ಪಾಪ ಬರ್ತೈತಿ ಅನ್ನೋ ಪೈಕಿ. ಹುಡುಗಿ ಹೊಸ್ತಿಲದಾಗ ಕಾಲಿಡೋದ ತಡ ಶುರುವಾಗ್ತಿತ್ತು.

"ಬಾರವಾ, ಚಹಾ ಮಾಡ್ಲಿ?"

"ಅಯ್ಯ, ಬ್ಯಾಡ್ರಿ ಬಾಯಾರ. ಈಗ ಕುಡದ ಬಂದೇನ್ರಿ."

"ಕುಡದ್ರ ಏನಾತು, ಒಂದೀಟು ಕುಡಿ."

"ನಿಮಗ್ಯಾಕ ತ್ರಾಸು, ಬಿಡ್ರಿ."

"ತ್ರಾಸೇನ ಬಂತು, ಒಲಿ ಮ್ಯಾಲ ಐತಿ."

"ಹಂಗಾದ್ರ ಅರ್ಧಾ ಕಪ್ಪು ಕೊಡ್ರಿ."

ಹಿಂಗ ಅವರಿಬ್ಬರ ನಡುವ ಚಂದಾಗಿ ನಡೀತಿತ್ತು. ಚಹಾದ್ದು ಮುಗೀತು ಅನ್ನೋದ್ರಾಗ ಅವಲಕ್ಕಿದು ಸುರು. ನಾನು ಮೂಗಿನ ತುದಿಯಾಗ ಸಿಟ್ಟಿರೋ ಮನಶಾ. "ಏ ತಂಗಿ, ಬೇಕಂದ್ರ ಹೂಂ ಅನ್ನು, ಬ್ಯಾಡಂದ್ರ ಉಹೂಂ ಅನ್ನು, ಇದೇನಿದು ರಗಳಿ!" ಅಂತ ನಡುವ ಬಾಯಿ ಹಾಕಿದ್ರ, ನಮ್ಮಾಕಿ ನನ್ನ ಕಡೆನ ಕಣ್ಣು ಬಿಡ್ತಿದ್ಲು.

"ನೀವು ಸುಮ್ಮನ ಕೂಡ್ರಿ. ನಿಮಗ ರೀತಿ ಗೊತ್ತಿಲ್ಲ. ಕೇಳಿದ ಕೂಡಲೇ ಹೂಂ ಅನ್ನಾಕ ಆಕಿ ಏನು ನಿಮ್ಮಂಗ ಹೊಟ್ಟೆಬಾಕೇನು?"

ಅದೂ ಖರೆನ. ನಮ್ಮ ಕಡೆ ಹಂಗ. ಊಟ ಮಾಡ್ರಿ ಅಂದ್ರ ಯಾರೂ ತಟ್ಟನೆ ಎಲಿ ಮುಂದ ಕುಂಡ್ರೂದಿಲ್ಲ. ಉಪಾಸ ಇದ್ದಾವನೂ, ಆಗೇತ್ರಿ, ಹೊಟ್ಟಿ ತುಂಬೇತಿ ಅಂತಾನ. ಕೇಳಿದವರು ಬಿಡೂದಿಲ್ಲ, ಮತ್ತ ಕೇಳ್ತಾರ. ನಾನು ಒಬ್ಬಾವನ ಅದಕ್ಕ ಹೊರತು. ನಮ್ಮ ಬೀಗರ ಮನ್ಯಾಗ ನನ್ನ ಹೆಸರು ಇವತ್ತಿಗೂ ಅದರಿಂದನ ಕೆಟ್ಟೈತಿ.

ದೀಪಾವಳಿ ಹತ್ತಿರ ಬಂತು. ಅಷ್ಟರಾಗ ಹಳಿಯಾಳದಾಗ ಒಂದು ಸಹಕಾರಿ ಸೊಸಾಯಿಟಿಯವರಿಗೆ ಲೆಕ್ಕ ಬರಿಯೋ ಕಾರಕೂನರೊಬ್ಬರು ಬೇಕಾಗ್ಯಾರ ಅನ್ನೋ ಸುದ್ದಿ ಸಿಕ್ತು. ನಾನು ಕಾಲೇಜಿನ ಕಬಡ್ಡಿ ಪಂದ್ಯ ಮುಂದ ಹಾಕಿ ಈ ಹುಡುಗಿನ್ನ ತಯಾರು ಮಾಡಿದೆ. ಜಮಾ ಯಾವುದು, ಖರ್ಚು ಯಾವುದು, ತಾಳೆಪಟ್ಟಿ ಹೆಂಗ ಕೂಡಿಸ್ತಾರ, ಎಲ್ಲಾ ಕಾಮರ್ಸ್ ಮಾಸ್ತರನ್ನ ಹೊಲದಿಂದ ಹಿಡಕೊಂಡು ಬಂದು ಕೇಳಿಸಿದೆ. ಆಕಿ ಒಂದಕ್ಕೂ ತಡವರಿಸಲಿಲ್ಲ. ಕಾಮರ್ಸ್ ಮಾಸ್ತರು ನನ್ನ ಕಿವ್ಯಾಗ, "ಇನ್ನ ಹೆಚ್ಚಿಗಿ ಕೇಳಾಕ ನನಗ ಬರೂದಿಲ್ಲ ಮಾರಾಯಾ, ಬಿಡು" ಅಂದು ಹೊಲಕ್ಕ ಓಡಿದ್ರು.

ಇಂಟರ್‌ವ್ಯೂ ದಿನ ನಾನು ದಾಂಡೇಲಿ ಬಸ್ಸು ಹಿಡದು ಹಳಿಯಾಳಕ್ಕ ಹೋದೆ. ಆಕಿ ತನ್ನ ಊರಿಂದ ನಡಕೋತ ಬಂದು ಬಸ್‌ಸ್ಟ್ಯಾಂಡಿನಾಗ ನಿಂತಿದ್ಲು. ಇಸ್ತ್ರಿ ಮಾಡಿದ ಸೀರಿ, ಎಣ್ಣಿ ಹಚ್ಚಿ ಬಿಗದು ಕಟ್ಟಿದ ಕೂದಲಾ, ಕಾಲ ತುಂಬ ಧೂಳು.

"ಚಿಕ್ಕಮ್ಮ ನಿನ್ನೆ ಬಂದಾಳ್ರಿ ಸರ್" ಅಂದ್ಲು. "ನಾಡಿದ್ದು ಹೊಂಡೂಣು ಅಂದಾಳ. ಟ್ರಂಕು ತುಂಬ್ಯಾಳ್ರಿ."

"ಯಾರ ಟ್ರಂಕು?"

"ನಂದ್ರಿ."

ನಳದಾಗ ಕಾಲು ತೊಳಕೊ ಅಂದೆ, ಇಬ್ಬರೂ ಕೂಡಿ ಸೊಸಾಯಿಟಿಗೆ ನಡದ್ವಿ.

ಇಂಟರ್‌ವ್ಯೂ ತಗೊಳ್ಳೋರು ಇಬ್ಬರು. ಒಬ್ಬರು ಮೈಸೂರು ಕಡೆಯ ಆಫೀಸರು, ಹೊಸದಾಗಿ ಬಂದವರು, ಶಿಸ್ತಾಗಿ ಪ್ಯಾಂಟು ಶರ್ಟು ಹಾಕ್ಕೊಂಡು ನಡುವ ಕುಂತಿದ್ರು. ಇನ್ನೊಬ್ಬರು ಹಳಿಯಾಳದವರ ಆದ ಹಿರಿಯ ಡೈರೆಕ್ಟರು, ದೊಡ್ಡ ಪಟಕಾ ಸುತ್ತಿಕೊಂಡು ಬಾಜೂಕ ಕುಂತಿದ್ರು. ಹುಡುಗಿ ಒಳಗ ಹೋದ್ಲು. ಬಾಗಿಲಿಗೆ ಪರದೆ ಇತ್ತು. ನಾನು ಒಂದೀಟು ಹೊತ್ತು ಪರದೆ ಹತ್ರ ಕಿವಿ ಇಟ್ಟು ನಿಂತೆ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ, ಸೈಕಲ್ ಚೈನು ತಿರಗಿದಂಗ ನಡದಿತ್ತು. "ವೆರಿ ಗುಡ್ ಅಮ್ಮ" ಅಂತ ಮೈಸೂರು ದನಿ ಕೇಳಿಸ್ತು. ಗೆದ್ದೆ ಅನಕೊಂಡು ನಾನು ಎದುರಿನ ಅಂಗಡಿಗೆ ಹೋಗಿ ಒಂದು ಚಹಾ ಕುಡದು, ಖುಷಿಗೆ ಇನ್ನೊಂದೂ ಕುಡದೆ.

ಬಂದು ನೋಡಿದ್ರ ಆಕಿ ಹೊರಗ ಬೆಂಚಿನ ಮ್ಯಾಲ ಕುಂತಾಳ. ಕೈ ಮಡಿಲಾಗ, ಮಾರಿ ಶಾಂತ.

"ಏನಾತು?"

"ಚಲೋ ಆತ್ರಿ ಸರ್. ಎಲ್ಲಾ ಹೇಳಿದೆ. ಕಡೀಕ ಸಾಹೇಬರು, ಈ ಕೆಲಸ ನಿಂಗೆ ಕೊಡ್ತೀವಿ, ಒಂದನೇ ತಾರೀಖಿಂದ ಬರ್ತೀಯಾ ಅಂತ ಕೇಳಿದ್ರು."

ನಾನು ಅಲ್ಲೇ ಕುಣಿಯೋದೊಂದು ಬಾಕಿ. "ಶಾಬ್ಬಾಸ್! ನೀ ಏನಂದಿ?"

"ಬ್ಯಾಡ್ರಿ ಅಂದೆ."

ಬೀದಿಯಾಗ ಎತ್ತಿನ ಗಾಡಿ ಒಂದು ಹೋಗಾಕತ್ತಿತ್ತು. ಅದರ ಸಪ್ಪಳಕ್ಕ ನನಗ ತಪ್ಪು ಕೇಳಿಸಿರಬೇಕು ಅನಕೊಂಡೆ.

"ಏನಂದಿ?"

"ಬ್ಯಾಡ್ರಿ ಸಾಹೇಬ್ರ, ನಿಮಗ್ಯಾಕ ಸುಮ್ಮನ ತ್ರಾಸು, ಮತ್ತ ಯಾರಿಗಾರೆ ಕೊಡ್ರಿ ಅಂದೆ."

"ಅದಕ್ಕ ಅವರು?"

"ಹಂಗಾ, ಸರಿ ಹೋಗ್ಬಾಮ್ಮ ಅಂದ್ರು. ಮತ್ತ ಕೇಳ್ತಾರಲ್ರಿ, ಅದಕ್ಕ ಕುಂತೇನಿ."

"ಅಯ್ಯೋ ನಿನ್ನ ಮನಿ ಹಾಳಾಗ್ಲಿ!" ಅಂತ ನಾನು ತಲಿ ತಲಿ ಬಡಕೊಂಡೆ. "ಇದೇನು ಚಹಾ ಅಂತ ತಿಳದ್ಯೇನ? ನೌಕರಿ ಇದು, ನೌಕರಿ! ಬ್ಯಾಡ ಅಂದಮ್ಯಾಲ ಯಾರು ಕೇಳ್ತಾರ? ನಾಡಿದ್ದು ಟ್ರಂಕು ಹೊತಗೊಂಡು ಮಡಗಾಂವಕ್ಕ ಹೊಂಟೀಯಲ್ಲಾ, ಖಬರ ಐತೇನ ನಿನಗ?" ಬಾಯಿಗೆ ಬಂದದ್ದೆಲ್ಲಾ ಅಂದೆ. ಆಕಿ ತಲಿ ಬಗ್ಗಿಸಿ ಕೇಳಿಕೋತ ಕುಂತ್ಲು. ನನ್ನ ದಮ್ಮು ಮುಗದ ಮ್ಯಾಲ ಸಾವಕಾಶ ಮಾತಾಡಿದ್ಲು.

"ಮೊದಲನೇ ಸಲ ಕೇಳೋದು ರೀತಿಗೆ ಕೇಳ್ತಾರಲ್ರಿ ಸರ್. ನಮ್ಮೂರಾಗ ಯಾರ ಮನಿಗೆ ಹೋದ್ರೂ ಉಣ್ಣು ಅಂತಾರ. ಅವರ ಗಡಗ್ಯಾಗ ಅನ್ನ ಇರ್ತೈತೋ ಇಲ್ಲೋ. ನಾವು ಹೂಂ ಅಂದುಬಿಟ್ಟು, ಅವರ ಹತ್ರ ಇಲ್ಲದಿದ್ರ ಅವರ ಮಾರಿ ನೋಡಾಕ ಆಗೂದಿಲ್ರಿ. ಅದಕ್ಕ ಬ್ಯಾಡ ಅಂತೇವಿ. ಖರೇನ ಇದ್ರ ಮತ್ತ ಕೇಳ್ತಾರ. ಇಲ್ಲಂದ್ರ ಅವರ ಮಾನ ಉಳೀತೈತಿ."

"ಸಾಹೇಬರ ಹತ್ರ ನೌಕರಿ ಇಲ್ಲದನ ಕರದಾರೇನ?"

"ಹೆಂಗ ಹೇಳೋದ್ರಿ. ಹುಬ್ಬಳ್ಳ್ಯಾಗ ಇರಲಿಲ್ಲಲ್ರಿ."

"ಹುಬ್ಬಳ್ಳ್ಯಾಗ ಏನು?"

"ಅಲ್ಲೂ ಆ ಲೆಕ್ಕದ ಆಫೀಸಿನವರು ಬರ್ತೀಯೇನು ಅಂತ ಕೇಳಿದ್ರು. ನಾ ಬ್ಯಾಡ್ರಿ ಅಂದೆ. ಅವರು ಮತ್ತ ಕೇಳಲಿಲ್ಲ. ಪಾಪ, ಅವರ ಹತ್ರ ಇಲ್ಲ ಅಂತ ತಿಳದು ನಾ ಎದ್ದು ಬಂದೆ."

ನಾನು ಬೆಂಚಿನ ಮ್ಯಾಲ ಆಕಿ ಬಾಜೂಕ ಕುಂತುಬಿಟ್ಟೆ. ಆ ಹುಬ್ಬಳ್ಳಿ ಮಂದಿಗೆ ನಾನು ತಿಂಗಳಾನುಗಟ್ಟಲೆ ಬೈದಿದ್ದೆ. ನಗಬೇಕೋ ಅಳಬೇಕೋ ತಿಳೀದಂಗಾತು. ಕೈಯಾಗ ಬಂದ ನೌಕರಿನ, ಕೊಡೋ ಸಾಹೇಬನ ಮಾನ ಉಳಿಸಾಕ ಅಂತ ತಿರುಗಿ ಕೊಟ್ಟು ಬಂದ ಹುಡುಗಿನ್ನ ಯಾರು ನೋಡ್ಯಾರ? ಆಕಿ ಮ್ಯಾಲಿನ ಸಿಟ್ಟು ಎಲ್ಲೋ ಹೋತು. ಅದರ ಬದಲಿ ನನಗ ಬ್ಯಾರೆ ಸಿಟ್ಟು ಬಂತು, ಯಾರ ಮ್ಯಾಲ ಅಂತ ಗೊತ್ತಾಗಲಿಲ್ಲ. ಸಿಟ್ಟಿಗೆ ಒಂದು ದಾರಿ ಬೇಕಲ್ಲ, ಪರದೆ ಸರಿಸಿ ಸೀದಾ ಒಳಗ ನುಗ್ಗಿದೆ.

ಒಳಗ ಆಫೀಸರ ಮುಂದ ಇನ್ನೊಬ್ಬ ಹುಡುಗ ಕುಂತಿದ್ದ. ನನ್ನ ನೋಡಿ ಆಫೀಸರು ಹೌಹಾರಿದ್ರು.

"ಯಾರ್ರೀ ನೀವು?"

"ಪಿ.ಟಿ. ಮಾಸ್ತರ್ರಿ."

"ಇಲ್ಲಿ ಯಾವ ಆಟಾನೂ ಇಲ್ವಲ್ಲ ಸ್ವಾಮಿ."

"ಆಟಲ್ರಿ ಸಾಹೇಬ್ರ, ಜೀವನದ ಪ್ರಶ್ನೆ ಐತಿ. ಈಗ ಹೋದ ಹುಡುಗಿ ಬ್ಯಾಡ ಅಂದ್ಲಲ್ರಿ, ಆಕಿ ಬ್ಯಾಡ ಅಂದಿಲ್ರಿ."

"ನನ್ನ ಕಿವಿಯಾರೆ ಕೇಳಿದೀನಿ. ಬೇಡ ಅಂದ್ಲು. ನಂಗೂ ಬೇಜಾರಾಯ್ತು, ಲೆಕ್ಕದಲ್ಲಿ ಅವಳಷ್ಟು ಚುರುಕು ಯಾರೂ ಇರ್ಲಿಲ್ಲ. ಬೇಡ ಅಂದ್ಮೇಲೆ ಬೇಡ ತಾನೆ?"

ಇಷ್ಟೊತ್ತನಕ ಗಪ್ಪ ಕುಂತಿದ್ದ ಪಟಕಾದ ಡೈರೆಕ್ಟರು ಆಗ ಗಂಟಲ ಸರಿ ಮಾಡ್ಕೊಂಡ್ರು.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ನೀವು ಇನ್ನೊಮ್ಮೆ ಕೇಳ್ತೀರಿ ಅಂತ ನಾನೂ ದಾರಿ ಕಾಯಾಕತ್ತಿದ್ದೆ. ನೀವು ಕೇಳಲೇ ಇಲ್ಲ. ಹಿಂಗ್ಯಾಕ ಸಾಹೇಬರು ಅಂತ ನನಗೂ ಒಂಥರಾ ಆತು."

"ಮತ್ತೆ ಅಲ್ಲೇ ಹೇಳೋದಲ್ವಾ ಯಜಮಾನ್ರೇ!"

"ಕೊಡೋರು ನೀವು, ಮತ್ತ ಕೇಳೋರೂ ನೀವ. ನಡುವ ನಾ ಬಾಯಿ ಹಾಕಿದ್ರ ನಿಮಗ ರೀತಿ ಗೊತ್ತಿಲ್ಲ ಅಂತ ಮಂದಿ ಮುಂದ ಎತ್ತಿ ಆಡಿದಂಗ ಆಗ್ತಿತ್ತಲ್ರಿ." ಅಷ್ಟಂದು, ಹೇಳಲೋ ಬ್ಯಾಡೋ ಅಂತ ಒಂದು ಗಳಿಗಿ ನೋಡಿ, ಹೇಳೇಬಿಟ್ರು. "ಮುಂಜಾನೆ ನಮ್ಮ ಮನ್ಯಾಗ ಉಪ್ಪಿಟ್ಟು ಇನ್ನೊಂದೀಟು ಹಾಕಲ್ಯಾ ಅಂತ ಕೇಳಿದಾಗ, ನೀವು ಒಂದ ಸಲಕ್ಕ ಹಾಕಿ ಅಂದ್ರಿ. ನಮ್ಮ ಮನಿಯಾಕಿ ಒಳಗ ಬಂದು, ಅಯ್ಯ ಪಾಪ, ಸಾಹೇಬರು ಎಷ್ಟು ದಿನದಿಂದ ಉಪಾಸ ಅದಾರೋ ಏನೋ ಅಂತ ಮರಗಿದ್ಲು."

ಆಫೀಸರ ಮಾರಿ ಕೆಂಪಗಾತು. "ಉಪ್ಪಿಟ್ಟು ಚೆನ್ನಾಗಿತ್ತು, ಅದಕ್ಕೆ ಹಾಕಿ ಅಂದೆ! ಅದ್ರಲ್ಲಿ ತಪ್ಪೇನಿದೆ?" ಅಂದ್ರು.

"ತಪ್ಪಿಲ್ರಿ, ತಪ್ಪಿಲ್ಲ" ಅಂತ ನಾನೂ ಡೈರೆಕ್ಟರೂ ಕೂಡೇ ಅಂದ್ವಿ. ನನಗ ಆ ಮನಶಾನ ಮ್ಯಾಲ ಪ್ರೀತಿ ಹುಟ್ಟಿತು. ಇಷ್ಟು ವರ್ಷದಾಗ, ಒಂದ ಸಲಕ್ಕ ಹೂಂ ಅನ್ನೋ ನನ್ನ ಜಾತಿಯಾವ ಒಬ್ಬ ಸಿಕ್ಕಿದ್ದ.

ಆಫೀಸರಿಗೆ ಇನ್ನೂ ನಂಬಿಕಿ ಬರಲಿಲ್ಲ. "ಅಂದ್ರೆ ಈ ಊರಲ್ಲಿ ಎಲ್ರನ್ನೂ ಎರಡೆರಡು ಸಲ ಕೇಳ್ಬೇಕಾ? ಇದೊಳ್ಳೆ ಕಥೆ ಆಯ್ತಲ್ಲ!" ಅಂದವರು, ಮುಂದ ಕುಂತಿದ್ದ ಹುಡುಗನ ಕಡೆ ತಿರುಗಿದ್ರು. ಆ ಹುಡುಗ ನಮ್ಮ ಮೂವರ ಜಗಳ ಬಾಯಿ ತಕ್ಕೊಂಡು ನೋಡಾಕತ್ತಿದ್ದ. "ಈಗ ನೋಡಪ್ಪ, ಸುಮ್ನೆ ಮಾತಿಗೆ ಕೇಳ್ತೀನಿ. ಈ ಕೆಲಸ ನಿಂಗೆ ಕೊಟ್ರೆ ಬರ್ತೀಯಾ?"

"ಅಯ್ಯ, ಬ್ಯಾಡ್ರಿ ಸಾಹೇಬ್ರ" ಅಂದ ಹುಡುಗ, ತಟ್ಟನೆ. "ನನಗ್ಯಾಕ್ರಿ!"

ಅಂದವನೇ ನಾಲಿಗಿ ಕಚ್ಚಿಕೊಂಡ. ಆಫೀಸರು ಕೈಯಾಗಿನ ಪೆನ್ನು ಕೆಳಗಿಟ್ರು. ಚಾಳೀಸು ತಗದ್ರು, ಒರಸಿದ್ರು, ಮತ್ತ ಹಾಕ್ಕೊಂಡ್ರು. ಪಟಕಾದ ಡೈರೆಕ್ಟರು ಛಾವಣಿ ನೋಡಿಕೋತ ಮೀಸಿ ತಿರುವಿದ್ರು. ಆ ಹುಡುಗ ಪಾಪ ಗಾಬರ್ಯಾಗಿ ಮೂವರಿಗೂ ಕೈ ಮುಗದು ಹೊರಗ ಹೋದ. ಅವನಿಗೆ ಮುಂದ ಮುಂಡಗೋಡದಾಗ ಒಂದು ಅಂಗಡಿಯ ಲೆಕ್ಕ ಬರಿಯೋ ಕೆಲಸ ನಾನ ಹುಡುಕಿಕೊಟ್ಟೆ. ಆ ಅಂಗಡಿಯವರು ಮುಂಡಗೋಡದವರ, ಸಾಕಷ್ಟು ಸಲ ಕೇಳಿ ತಗೊಂಡ್ರು.

"ಕರೀರಿ ಆ ಹುಡುಗೀನ" ಅಂದ್ರು ಆಫೀಸರು.

ನಾನು ಪರದೆ ಸರಿಸಿ ಕರದೆ. ಆಕಿ ಬಂದು ನಿಂತ್ಲು. ಹೊರಗ ಹೋಗ್ರಿ ಅಂತ ನನಗ ಯಾರೂ ಅನ್ನಲಿಲ್ಲ, ಅಂದಿದ್ರೂ ನಾ ಹೋಗ್ತಿರಲಿಲ್ಲ. ಬಾಗಿಲಿಗೆ ಬೆನ್ನು ಹಚ್ಚಿ ನಿಂತೆ.

ಆಫೀಸರು ಈ ಸಲ ಕುಂತಲ್ಲಿಂದ ಒಂದೀಟು ಮುಂದ ಬಗ್ಗಿದ್ರು. ಅವರ ದನಿನೂ ಬದಲಾಗಿತ್ತು. ಮನಿಗೆ ಬಂದವರನ್ನ ಮಾತಾಡಿಸಿದಂಗ ಕೇಳಿದ್ರು. "ನೋಡಮ್ಮ, ಇನ್ನೊಂದು ಸಲ ಕೇಳ್ತಾ ಇದೀನಿ. ಈ ಕೆಲಸಕ್ಕೆ ಬರ್ತೀಯಾ?"

ಖರೆ ಅಂಜಿಕಿ ನನಗ ಈಗ ಸುರುವಾತು. ಯಾಕ ಅಂದ್ರ ರೀತಿ ಪ್ರಕಾರ ಎರಡನೇ ಸಲಕ್ಕೂ ಬಿಡ್ರಿ ಅನ್ನೋರು ನಮ್ಮ ಕಡೆ ಕಡಿಮಿ ಏನಿಲ್ಲ. ನಮ್ಮ ಮನಿಯ ಚಹಾಕ್ಕ ಈಕಿ ಎರಡನೇ ಸಲಕ್ಕ ಒಪ್ಪಿದ್ದ ನಾ ನೋಡಿಲ್ಲ. ಡೈರೆಕ್ಟರು ಮೀಸಿ ಮ್ಯಾಲಿನ ಕೈ ಹಂಗ ಹಿಡದು ಕುಂತಿದ್ರು. ಬ್ಯಾಡ ಅನ್ನಬ್ಯಾಡವ್ವಾ, ನಿನಗ ಕೈ ಮುಗೀತೇನಿ, ಬ್ಯಾಡ ಅನ್ನಬ್ಯಾಡ ಅಂತ ನಾನು ಮನಸಿನ್ಯಾಗ ಒದರಾಕತ್ತಿದ್ದೆ.

ಆಕಿ ತುಟಿ ಅಲುಗಿತು. ಏನೋ ಅನ್ನಾಕ ಹೋಗಿ ನಿಲ್ಲಿಸಿದ್ಲು. ಟೇಬಲ್ಲಿನ ಅಂಚು ಹಿಡಕೊಂಡ್ಲು. ಕಡೀಕ ಆಫೀಸರ ಮಾರಿ ನೋಡಿ, ಭಾಳ ಸಣ್ಣ ದನಿಯಾಗ ಕೇಳಿದ್ಲು.

"ನಿಮ್ಮ ಹತ್ರ ಖರೇನ ಐತೇನ್ರಿ ಸಾಹೇಬ್ರ?"

ಆಫೀಸರಿಗೆ ಆ ಪ್ರಶ್ನೆ ಎಷ್ಟು ತಿಳೀತೋ ನನಗ ಗೊತ್ತಿಲ್ಲ. ಆದ್ರ ಅವರು ನಗಲಿಲ್ಲ. ಆಕಿನ್ನ ನೋಡಿ, "ಇದೆ ತಾಯಿ. ನಿಜವಾಗ್ಲೂ ಇದೆ" ಅಂದ್ರು.

"ಹಂಗಾದ್ರ ಕೊಡ್ರಿ" ಅಂದ್ಲು ಆಕಿ. "ನನಗ ಭಾಳ ಬೇಕಾಗೇತ್ರಿ."

ಅಂದವಳೇ ಎರಡೂ ಕೈಲೆ ಮಾರಿ ಮುಚ್ಚಿಕೊಂಡು ಅಲ್ಲೇ ನಿಂತು ಅತ್ತುಬಿಟ್ಲು. ದಿನಾ ಜೋರಾಗಿ ಮಾತಾಡು, ಜೋರಾಗಿ ಮಾತಾಡು ಅಂತ ಒದರ್ತಿದ್ದ ನಾನು, ಗೋಡಿ ಕಡೆ ಮಾರಿ ಮಾಡಿ ನಿಂತಿದ್ದೆ.